ಕನಸು ಕೇಳುವ ಬೆಳಗು

ಮದುವೆಯಾಗಿ ಇಷ್ಟು ವರ್ಷ ನಮ್ಮ ಮನೆಯವರು ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ: ಚಹಾ ಆಯಿತೇ, ಊಟ ಆಯಿತೇ. ಅಂಥವರು ಒಂದು ಬೆಳಿಗ್ಗೆ ಹಾಸಿಗೆಯಲ್ಲೇ ನನ್ನ ಕಡೆ ಹೊರಳಿ, ಏನು ಕನಸು ಬಿತ್ತು ಎಂದು ಕೇಳಿದರು. ತವರಿನ ಬಾವಿ ಕಂಡಿತ್ತು, ಹೇಳಿದೆ. ಬಾವಿಯಲ್ಲಿ ನೀರಿತ್ತೇ, ಯಾರಾದರೂ ಇಳಿದಿದ್ದರೇ ಎಂದು ಬಿಡಿಸಿ ಬಿಡಿಸಿ ಕೇಳಿದರು. ಗಂಡನಿಗೆ ಈಗಲಾದರೂ ಪ್ರೀತಿ ಉಕ್ಕಿತಲ್ಲ ಎಂದು ಖುಷಿಪಟ್ಟು, ಅವತ್ತು ಶಾಲೆಗೆ ಹೊಸ ಸೀರೆ ಉಟ್ಟುಕೊಂಡು ಹೋದೆ.

ನಮ್ಮ ಮನೆ ಇಂಡಿಯಲ್ಲಿ, ನಾನು ಝಳಕಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳು. ಹೋಂವರ್ಕ್ ಮಾಡದ ಹುಡುಗರ ಸುಳ್ಳನ್ನು ಬಾಗಿಲಲ್ಲೇ ಹಿಡಿಯುತ್ತೇನೆ ಎಂಬ ಜಂಬ ಬೇರೆ. ಮನೆಯವರದು ಲಿಂಬೆಹಣ್ಣಿನ ವ್ಯಾಪಾರ. ತೋಟ ಸುತ್ತಿ ಬಂದೆ ಎನ್ನುತ್ತಿದ್ದರು, ಚಪ್ಪಲಿಗೆ ಮಣ್ಣು ಇರುತ್ತಿರಲಿಲ್ಲ. ಸಂಜೆ ಒಂದು ಹೊತ್ತಿಗೆ ಫೋನು ಹಿಡಿದು ಹಿತ್ತಲಿಗೆ ಹೋಗುತ್ತಿದ್ದರು. ಬಂದಾಗ ಒಂದೋ ವಿಪರೀತ ನಗು, ಇಲ್ಲವೇ ಉಪ್ಪು ಹೆಚ್ಚಾಯಿತೆಂದು ತಾಟು ಸರಿಸುವ ಸಿಟ್ಟು. ಎದುರು ಬಂದ ಟೆಂಪೋದ ನಂಬರನ್ನು ಬಾಯಲ್ಲೇ ಗುಣುಗುವುದನ್ನೂ ಕಂಡಿದ್ದೆ. ವ್ಯಾಪಾರದವರಿಗೆ ನೂರೆಂಟು ತಲೆನೋವು ಎಂದು ಸುಮ್ಮನಿದ್ದೆ.

ನನಗೆ ಕನಸು ಬೀಳುವುದೇ ಕಡಿಮೆ. ಹಾಗಾಗಿ ಆ ಪ್ರಶ್ನೆ ಮೂರನೇ ಇಯತ್ತೆಯ ಮಗಳ ಪಾಲಾಯಿತು. ದಿನಾ ಬೆಳಿಗ್ಗೆ ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. ಅಪ್ಪ ಮಗಳ ಈ ಸಲಿಗೆ ನೋಡಿ ಅಕ್ಕಪಕ್ಕದವರ ಮುಂದೆ ಹೊಗಳಿಕೊಂಡಿದ್ದೇನೆ.

ಅಕ್ಕನ ಮನೆಗೆಂದು ಮೂವರೂ ಸಿಂದಗಿಗೆ ಹೋದಾಗ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದ ಒಬ್ಬ ಮನೆಯವರಿಗೆ ಕೈ ಮಾಡಿದ. ಹತ್ತಿರ ಬಂದು, ಬಗ್ಗಿ, ಮಗಳ ಗಲ್ಲ ಸವರಿ ಕೇಳಿದ:

“ಈಕೀನ ಏನ್ರಿ, ಆ ಹಾವಿನ ಕನಸ ಕಂಡಾಕಿ?”

ಮನೆಯವರ ಮುಖ ಬೆಳ್ಳಗಾಯಿತು. ನಮ್ಮ ಕಡೆ ಹುಟ್ಟಿದವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮಟ್ಕಾ ಆಡುವವರಿಗೆ ಕನಸೆಂದರೆ ನಂಬರು. ಹಾವಿಗೊಂದು, ಬಾವಿಗೊಂದು, ಸತ್ತವರು ಬಂದರೆ ಇನ್ನೊಂದು. ಚಿಕ್ಕಂದಿನಲ್ಲಿ ಓಣಿಯ ಕಟ್ಟೆಯ ಮೇಲೆ ಗಂಡಸರು ಇದನ್ನೇ ಮಾತಾಡುವುದನ್ನು ಕೇಳಿದ್ದೆ. ಅದು ನನ್ನ ಹಾಸಿಗೆಯ ತನಕ ಬಂದಾಗ ಪ್ರೀತಿ ಎಂದುಕೊಂಡೆ. ಯಾರ್ಯಾರೋ ನನ್ನ ಮಗಳ ನಿದ್ದೆಯ ಮೇಲೆ ದುಡ್ಡು ಕಟ್ಟುತ್ತಿದ್ದಾರೆ ಎಂಬುದು ತಲೆಗೆ ಹೊಕ್ಕು, ಅವಳನ್ನು ಸೆರಗಿನೊಳಗೆ ಎಳೆದುಕೊಂಡೆ.

ಮರುದಿನ ಮಧ್ಯಾಹ್ನ ಇಂಡಿಗೆ ಮರಳಿದೆವು. ಮನೆಯವರು ಮಾರುಕಟ್ಟೆಗೆಂದು ಹೊರಬಿದ್ದರು. ಮಗಳು ಕಾಣಲಿಲ್ಲವೆಂದು ಹುಡುಕಿದರೆ, ಒಳಕೋಣೆಯಲ್ಲಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಮಲಗಿದ್ದಳು. ಹಣೆಯ ಮೇಲೆ ಬೆವರು. ಜ್ವರವೇನೋ ಎಂದು ಮುಟ್ಟಿ ನೋಡಿದೆ.

“ಅವ್ವಾ, ಎಷ್ಟ್ ಮಲಗಿದ್ರೂ ಕನಸ ಬೀಳವಲ್ದು. ನಾ ದಿನಾ ಸುಳ್ಳ ಹೇಳಾಕತ್ತೇನಿ. ಅಪ್ಪಾಗ ಗೊತ್ತಾದ್ರ?”

ಅವಳ ಕನಸು ಫಲಿಸದ ದಿನ ಅಪ್ಪ ಮಾತು ಬಿಡುತ್ತಿದ್ದರಂತೆ. ನಾನು ಅದನ್ನೂ ಗಮನಿಸಿರಲಿಲ್ಲ.

ಸಂಜೆ ಅವರು ಬಂದಾಗ ಕೇಳಿಯೇಬಿಟ್ಟೆ. ಮೊದಲು ನಕ್ಕರು. ಆಮೇಲೆ ರೇಗಿದರು. ಕೊನೆಗೆ ಗೋಡೆಗೆ ಒರಗಿ ಅತ್ತರು. ಇನ್ನು ಆಡುವುದಿಲ್ಲ ಎಂದು ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಲು ಬಂದರು. ಆ ಕೈಯನ್ನು ತಳ್ಳಿಬಿಟ್ಟೆ. ಆಣೆಗೂ ಅವಳ ತಲೆಯೇ ಬೇಕೇ? ವಿಜಯಪುರದ ಡಾಕ್ಟರ ಹತ್ತಿರ ಹೋಗೋಣ, ಇದಕ್ಕೂ ಔಷಧೋಪಚಾರವಿದೆ ಎಂದೆ. ಒಪ್ಪಿದರು, ಹೋಗಿಬರುತ್ತಿದ್ದಾರೆ. ಈಗ ಚಪ್ಪಲಿಗೆ ಮಣ್ಣು ಮೆತ್ತಿರುತ್ತದೆ. ನಾನು ಮಾತ್ರ ದಿನಾ ಬಗ್ಗಿ ನೋಡುತ್ತೇನೆ.

ಮೊನ್ನೆ ಬೆಳಗಿನ ಜಾವ ಮಗಳು ಚಿಟ್ಟನೆ ಚೀರಿ ಎದ್ದು ಕುಳಿತಳು. ನಿಜವಾದ ಕೆಟ್ಟ ಕನಸು. ನನಗಿಂತ ಮೊದಲು ಅವರೇ ಓಡಿಬಂದು ಅವಳನ್ನು ತಬ್ಬಿಕೊಂಡರು.

“ಏನ್ ಕಂಡಿ ಕೂಸ?”

ಯಾವ ಅಪ್ಪನಾದರೂ ಕೇಳುವ ಮಾತು. ಆದರೂ ನಾನು ಅವರ ಮುಖವನ್ನೇ ನೋಡಿದೆ. ಮಗಳು ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಮೈ ಇನ್ನೂ ನಡುಗುತ್ತಿತ್ತು.

“ಏನೂ ಕಂಡಿಲ್ಲಪ್ಪಾ,” ಎಂದಳು.