ಕೈ ತೊಳೆದು ಬನ್ನಿ

ಮಣಿಪಾಲದ ಬಾಡಿಗೆ ಫ್ಲ್ಯಾಟಿನಲ್ಲಿ ಮೊದಲ ಬೆಳಿಗ್ಗೆ ಯಾರೋ ಬೆಲ್ ಒತ್ತಿದಾಗ ಬೆಚ್ಚಿಬಿದ್ದೆ. ಬಾಗಿಲು ಹಾಕಿಕೊಂಡು ಬದುಕಿಯೇ ಗೊತ್ತಿಲ್ಲ ನನಗೆ. ಕಾಪುವಿನ ಕಡಲ ಬದಿಯ ನಮ್ಮ ಮನೆಗೆ ಯಾರು ಬಂದರೂ "ಎಂತ ಪದಾರ್ಥ ಇವತ್ತು?" ಎನ್ನುತ್ತಾ ಸೀದಾ ಅಡುಗೆಕೋಣೆಗೇ ಬರುವುದು. ಮಣಿಪಾಲ ಎಂತ ಪರದೇಶವಾ ಎಂದು ನಗಬೇಡಿ. ಬಸ್ಸು ಹತ್ತಿದರೆ ಊರು, ನಿಜ. ಆದರೆ ಹತ್ತುವ ಹಾಗಿರಲಿಲ್ಲವಲ್ಲ!

ನನ್ನ ಮಗಳು ಶ್ರಾವ್ಯ ಹುಟ್ಟಿದಾಗಿನಿಂದಲೇ ಹಳದಿ. ಪಿತ್ತನಾಳವೇ ಸರಿಯಿರಲಿಲ್ಲ. ಬೆಂಗಳೂರಿನಲ್ಲಿ ನನ್ನ ಲಿವರಿನ ಒಂದು ತುಂಡನ್ನು ಅವಳಿಗೆ ಹಾಕಿದರು. ದೇಹ ಅದನ್ನು ತಳ್ಳಿಬಿಡದಂತೆ ಕೊಡುವ ಔಷಧಿಯಿಂದ ಸೋಂಕು ಬೇಗ ತಗಲುತ್ತದಂತೆ. ಜ್ವರ ಬಂದರೆ ಆಸ್ಪತ್ರೆ ಹತ್ತಿರವಿರಬೇಕು. ಅದಕ್ಕೇ ಈ ಫ್ಲ್ಯಾಟ್. ಗಂಡ ಮೀನಿನ ಬೋಟಿನಲ್ಲಿ. ಎದುರುಮನೆಯ ವಿದ್ಯಾರ್ಥಿಗಳು "ನಮಸ್ತೆ ಆಂಟಿ" ಎಂದು ಲಿಫ್ಟ್ ಹತ್ತಿದರೆ ಅಂದಿನ ಮಾತು ಮುಗಿಯಿತು. ವಾಚ್‌ಮ್ಯಾನ್‌ನಿಂದ ಹಾಲು ತರಿಸುವಷ್ಟು ಹಿಂದಿ ಕಲಿತೆ. ಬಂಗುಡೆ ಸಾರು ಮಾಡಿದ ದಿನ ವಾಸನೆ ಹೊರಹೋಗದಂತೆ ಕಿಟಕಿ ಮುಚ್ಚುತ್ತಿದ್ದೆ, ಕದ್ದು ತಿಂದವರ ಹಾಗೆ. ಅಳು ಬರುತ್ತಿತ್ತು.

ಒಮ್ಮೆ ಅತ್ತೆ ಬಂದರು. ಚೀಲದಲ್ಲಿ ಕಿರುನೆಲ್ಲಿ ಕಷಾಯದ ಬಾಟಲಿ. ಕಾಮಾಲೆಗೆ ನಮ್ಮಲ್ಲಿ ಮೊದಲಿನಿಂದಲೂ ಅದೇ ಮದ್ದು.

"ಒಂದು ಚಮಚ ಮಾರಾಯ್ತಿ, ಎಂತದೂ ಆಗುವುದಿಲ್ಲ."

"ಬೇಡ ಅತ್ತೆ. ಡಾಕ್ಟರ್ ಹೇಳದೆ ಏನೂ ಕೊಡಬಾರದು. ಈ ಲಿವರ್ ಹೋದರೆ ಇನ್ನೊಂದು ಎಲ್ಲಿಂದ ತರುವುದು? ಮಗುವನ್ನು ಮುಟ್ಟುವ ಮೊದಲು ಕೈ ತೊಳೆದು ಬನ್ನಿ."

ಅವರು ಕಷಾಯವನ್ನು ಸಿಂಕಿಗೆ ಸುರಿದರು. ಅಲ್ಲೇ ಕೈ ತೊಳೆದರು.

ಹೀಗೇ ಮೂರು ವರ್ಷ ಕಳೆಯಿತು. ಮೊನ್ನೆ ಡಾಕ್ಟರ್ ನಗುತ್ತಾ ಹೇಳಿದರು: "ಲಿವರ್ ಚೆನ್ನಾಗಿ ಕೆಲಸ ಮಾಡ್ತಾ ಉಂಟು. ಮಾತ್ರೆ, ತಪಾಸಣೆ ಯಾವಾಗಲೂ ಬೇಕು. ಆದರೆ ಶಾಲೆಗೆ ಹೋಗಲಿ, ಮಕ್ಕಳೊಟ್ಟಿಗೆ ಆಡಲಿ. ಊರಿಗೆ ಕರ್ಕೊಂಡು ಹೋಗಿ."

ಹೋದೆವು. ಅಂಗಳ ತುಂಬ ಜನ. ಮಗು ಕಂಡರೆ ಕೈಯಿಂದ ಕೈಗೆ ದಾಟಿಸಿ ಮುದ್ದಾಡುತ್ತಿದ್ದ ನಮ್ಮವರೆಲ್ಲ ಕೈ ಹಿಂದೆ ಕಟ್ಟಿ ದೂರ ನಿಂತಿದ್ದರು. ಫೋನಿನಲ್ಲಿ ಹೇಳಿ ಹೇಳಿ ನಾನೇ ಕಲಿಸಿದ್ದು.

ಶ್ರಾವ್ಯ ನನ್ನ ಕುತ್ತಿಗೆ ಬಿಗಿಹಿಡಿದಳು. "ಅಮ್ಮಾ, ನಮ್ಮ ಮನೆಗೆ ಹೋಗುವ."

"ಇದೇ ಮಗಾ ನಮ್ಮ ಮನೆ" ಎಂದೆ. ಅತ್ತೆಯ ಕಡೆ ತಿರುಗಿದೆ. "ಎತ್ತಿಕೊಳ್ಳಿ ಅತ್ತೆ. ಡಾಕ್ಟರೇ ಹೇಳಿದ್ದಾರೆ, ಪರವಾಗಿಲ್ಲ."

ಅತ್ತೆ ಕೈ ಚಾಚಿ ಹತ್ತಿರ ಬಂದವರು ತಟ್ಟನೆ ನಿಂತರು. ಬಾವಿಕಟ್ಟೆಗೆ ಹೋಗಿ, ಆಗಷ್ಟೇ ತೊಳೆದು ಒದ್ದೆಯಿದ್ದ ಕೈಗಳಿಗೆ ಮತ್ತೆ ಸೋಪು ಹಚ್ಚತೊಡಗಿದರು. ನಾನೂ ಮಗಳೂ ನಮ್ಮದೇ ಅಂಗಳದಲ್ಲಿ ನೆಂಟರಂತೆ ನಿಂತು ಕಾದೆವು.