ಅಣ್ಣ ಬಿಚ್ಚಿದ ಸುತ್ತು

ನಾನು ಚಿಕ್ಕವನಿದ್ದಾಗ ಸಿರಸಂಗಿಯ ನಮ್ಮ ಪಡಸಾಲೆಯಲ್ಲಿ ಕೂತು ಕೈಯಾರೆ ಒಂದು ರೇಡಿಯೋ ಮಾಡಿದ್ದೆ. ಕೆಟ್ಟ ಪಂಪಿನ ತಾಮ್ರದ ತಂತಿಯನ್ನು ಬಿದಿರಿನ ತುಂಡಿಗೆ ಒತ್ತೊತ್ತಾಗಿ ಸುತ್ತಿ, ತುದಿಗೆ ಮೇಣ ಹಚ್ಚಿದೆ. ಬಿದಿರು ಹಿಡಿದುಕೊಂಡವನು ಅಣ್ಣ. ಆ ಬಿಸಿ ಮೇಣದ ವಾಸನೆ ಇನ್ನೂ ಮೂಗಿನಲ್ಲಿದೆ.

ಸಾಲಿಯ ಮಾಸ್ತರರು ನಮ್ಮಿಬ್ಬರಿಗೂ ತಿಳಿಸಿ ಹೇಳಿದ್ದರು. "ಪಂಚಮಿ ಜೋಕಾಲಿ ಗೊತ್ತಲ್ಲ? ಕರೆಂಟು ಹಂಗ ತೂಗತೈತಿ. ಕಂಡೆನ್ಸರ್ ತುಂಬಿಕೊಂಡು ಸುರುಳಿಗೆ ಬಿಡತೈತಿ, ಸುರುಳಿ ಅದನ್ನ ತಿರುಗಿ ದೂಡತೈತಿ. ಸುತ್ತು ಕಡಿಮಿ ಮಾಡಿದ್ರ ಹಗ್ಗ ಗಿಡ್ಡ ಮಾಡಿದಂಗ, ಲಗೂ ಲಗೂ ತೂಗತೈತಿ." ಆ ತೂಗು ಧಾರವಾಡ ಆಕಾಶವಾಣಿಯ ಅಲೆಗೆ ಹೊಂದಿದರಷ್ಟೇ ಹಾಡು. ನನ್ನ ಕಂಡೆನ್ಸರ್ ತಿರುಗಿಸಲು ಬಾರದ್ದು. ಎಲ್ಲ ಭಾರ ಸುತ್ತಿನ ಮೇಲೆಯೇ.

ಸವದತ್ತಿಯ ಹೈಸ್ಕೂಲಿಗೆ ನಮ್ಮಿಬ್ಬರಲ್ಲಿ ಒಬ್ಬನೇ ಹೋಗುವುದು, ಇನ್ನೊಬ್ಬ ಎತ್ತು ನೋಡಿಕೊಳ್ಳುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಪಂಚಮಿ ದಿನ ಇದು ಹಾಡಿದ್ರ ನೀ ಸಾಲಿಗಿ. ಇಲ್ಲಾಂದ್ರ ಅವ," ಎಂದಿದ್ದ ಅಪ್ಪ.

ಹಬ್ಬದ ಹಿಂದಿನ ಸಂಜೆ ರೇಡಿಯೋ ಚೆನ್ನಾಗಿ ಹಾಡಿತ್ತು. ಮರುದಿನ ಮನೆ ತುಂಬ ಶೇಂಗಾ ಉಂಡಿಯ ಘಮ. ಅಪ್ಪ ಕೈ ಒರೆಸಿಕೊಂಡು ಬಂದು ಇಯರ್‌ಫೋನು ಕಿವಿಗಿಟ್ಟುಕೊಂಡ.

"ಏನೂ ಇಲ್ಲಲೇ. ಬರೇ ಗಾಳಿ."

ಅಣ್ಣ ಉಂಡಿ ಕಡಿಯುತ್ತಿದ್ದ. ನನ್ನತ್ತ ನೋಡಲೇ ಇಲ್ಲ.

ಸುರುಳಿ ಎತ್ತಿ ನೋಡಿದೆ. ಮೇಣ ಒಡೆದಿತ್ತು, ಸುತ್ತು ಕಡಿಮೆಯಾಗಿತ್ತು, ತುದಿಯನ್ನು ನೀಟಾಗಿ ಮತ್ತೆ ಜೋಡಿಸಲಾಗಿತ್ತು. ಅಂಗಳದ ಗೂಟದಲ್ಲಿ ಅಣ್ಣ ಹಬ್ಬಕ್ಕೆ ತಿರುಗಿಸಿ ಆಡುವ ಕೊಬ್ಬರಿ ಬಟ್ಟಲು ನೇತಾಡುತ್ತಿತ್ತು, ಪೋಣಿಸಿದ್ದು ನನ್ನ ತಂತಿಯಲ್ಲಿ.

"ಯಾಕ ಬಿಚ್ಚಿದ್ಯೋ ಅಣ್ಣಾ?"

"ನೀ ಗೆದ್ದಿದ್ರ ಎತ್ತಿನ ಬಾಲ ನಾ ಹಿಡೀಬೇಕಿತ್ತಲ್ಲಪಾ ಶಾಣ್ಯಾ!"

ಅಪ್ಪನ ಬಳಿ ಓಡಿದೆ. "ಸೋತು ಅಣ್ಣನ ಮ್ಯಾಲ ಹಾಕತಿ? ನಡಿ, ಎತ್ತಿಗೆ ನೀರ ಕುಡಿಸು," ಎಂದುಬಿಟ್ಟ.

ಅಂದೇ ತಂತಿ ಬೆಸೆದು ಮತ್ತೆ ಸುತ್ತಿದೆ. ಧಾರವಾಡ ಸ್ವಚ್ಛವಾಗಿ ಹಾಡಿತು. ಕೇಳಲು ಅಪ್ಪ ಬರಲಿಲ್ಲ. ಅಣ್ಣ ಸವದತ್ತಿಗೆ ಹೋದ.

ನಾನು ದೊಡ್ಡವನಾಗಿ ಬೈಲಹೊಂಗಲದಲ್ಲಿ ಸುಟ್ಟ ಮೋಟರುಗಳಿಗೆ ತಂತಿ ಸುತ್ತುವ ಕೆಲಸ ಮಾಡಿ ಈ ಮನೆ ಕಟ್ಟಿದೆ. ಯಾರ ಮುಂದೆಯೂ ಕೈ ಚಾಚಲಿಲ್ಲ. ಅಣ್ಣನೊಂದಿಗೆ ಮಾತಿದೆ, ನಂಬಿಕೆಯಿಲ್ಲ.

ಮಕ್ಕಳೇ, ಈಗ ನಿಮಗೆ ಯಾವ ಊರಿನ ಹಾಡು ಬೇಕಾದರೂ ಫೋನಿನ ಮೇಲೆ ಬೆರಳಿಟ್ಟರೆ ಸಾಕು. ಅದನ್ನು ಕಂಡು ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಮುಂಜಾನೆ ಶಾಲೆಯ ಬಸ್ಸು ಬಾಗಿಲಿಗೆ ಬಂದಾಗ ನೀವು ಅಣ್ಣ ತಂಗಿ ಇಬ್ಬರೂ ಹತ್ತುತ್ತೀರಲ್ಲ, ಅದನ್ನು ನೋಡಲು ದಿನವೂ ಹೊರಗೆ ಬಂದು ನಿಲ್ಲುತ್ತೇನೆ.