ಫೋನಿನಲ್ಲಿ ಆಡಿದ ‘ಇಲ್ಲೆ’

ಆ ದಿನ ಫೋನಿನಲ್ಲಿ ನಾನು ಆಡಿದ್ದು ಬಾಯಿತಪ್ಪಿ ಬಂದ ಮಾತಲ್ಲ. ಏಳು ವರ್ಷಗಳಿಂದ ಮನೆಯವರೆಲ್ಲ ಅದು ಬಾಯಿತಪ್ಪಿ ಬಂದದ್ದೆಂದೇ ನಂಬಿದ್ದಾರೆ — ನಾನು ನಂಬಲು ಬಿಟ್ಟಿದ್ದೇನೆ. ಅಣ್ಣನ ಕೆಲಸ ತಪ್ಪಿದ್ದು ನನ್ನಿಂದ. ತಿಳಿದೇ ಮಾಡಿದೆ.

ಅಣ್ಣ ಶ್ರೀಪಾದ ಸಣ್ಣ ವಿಮಾನ ಹಾರಿಸುವ ಪರವಾನಗಿ ಪಡೆದಿದ್ದ. ಪ್ರಯಾಣಿಕರ ವಿಮಾನದ ಕೆಲಸಕ್ಕೆ ಅಷ್ಟು ಸಾಲದು. ಎರಡು ಎಂಜಿನ್ನಿನ ವಿಮಾನದಲ್ಲಿ ನೂರು ಗಂಟೆ ಹಾರಿರಬೇಕಿತ್ತು. ಅವನದು ಹನ್ನೊಂದು ಗಂಟೆ ಆಗಿತ್ತು. ಅರ್ಜಿಯ ಗಡುವಿಗೆ ಉಳಿದದ್ದು ಮೂರು ತಿಂಗಳು. ಆಗ ಬೆಳಗಾವಿಯಿಂದ ಸರಕು ಒಯ್ಯುವ ವಿಮಾನದ ಕ್ಯಾಪ್ಟನ್ ಒಬ್ಬರು, ಗಡುವಿನ ತನಕ ಪಕ್ಕದ ಸೀಟು ಕೊಡುತ್ತೇನೆ, ಗಂಟೆ ತುಂಬಿಸಿಕೊ, ಬಾ ಎಂದು ಬರೆದರು. ಅಣ್ಣ ಶಿರಸಿಯಿಂದ ಮೊದಲ ಬಸ್ಸಿಗೇ ಹೊರಟ.

ಅಂದೇ ಹತ್ತು ಗಂಟೆಗೆ ಪಕ್ಕದ ಜವಳಿ ಅಂಗಡಿಗೆ ನಮ್ಮ ಹೆಸರಿನಲ್ಲಿ ಟ್ರಂಕ್ ಕಾಲ್ ಬಂತು. ಕ್ಯಾಪ್ಟನ್ನರದು ಧಾರವಾಡದ ಕಡೆಯ ಮಾತು.

"ವಿಮಾನ ಇವತ್ತ ಬಿಡಬೇಕಾಗೇದ್ರಿ. ನಿಮ್ಮಣ್ಣ ಹೊರಟಿದ್ರ ಮೂರು ಗಂಟಿತನಕ ಕಾಯ್ತೀನಿ. ಇನ್ನೂ ಮನ್ಯಾಗ ಅದಾನೇನು?"

"ಇಲ್ಲೆ," ಎಂದೆ.

ನಮ್ಮ ಮನೆಮಾತಿನಲ್ಲಿ ಅದಕ್ಕೆ ‘ಇಲ್ಲ’ ಎಂದೇ ಅರ್ಥ. ಹಾಗೆ ನೋಡಿದರೆ ಸುಳ್ಳಲ್ಲ. ಆದರೆ ಹೊರಗಿನವರ ಕಿವಿಗೆ ಅದು ‘ಇಲ್ಲೇ ಇದ್ದಾನೆ’. ಇದು ನನಗೆ ಗೊತ್ತಿತ್ತು — ಧಾರವಾಡದ ಹಾಸ್ಟೆಲಿನಲ್ಲಿ ಮೊದಲ ವಾರ, ಗೆಳತಿಯನ್ನು ಹುಡುಕಿಕೊಂಡು ಬಂದವರಿಗೆ ‘ಇಲ್ಲೆ’ ಎಂದಿದ್ದೆ; ಅವರು ಬಾಗಿಲಲ್ಲಿ ಅರ್ಧ ತಾಸು ಕಾದರು. ಆಮೇಲೆ ತಿಂಗಳುಗಟ್ಟಲೆ ನನ್ನ ಹೆಸರೇ ‘ಇಲ್ಲೇಬಾಯಿ’. ಅಲ್ಲಿಂದೀಚೆಗೆ ಹೊರಗಿನವರೆದುರು ಆ ಪದ ಬಳಸಿದವಳಲ್ಲ. ಅಂದು ಮಾತ್ರ ಬಳಸಿದೆ.

"ಇನ್ನೂ ಅಲ್ಲೇ ಅದಾನ? ಹಂಗಾರ ಬ್ಯಾರೆಯವನ್ನ ಕರಕೊಂಡು ಹೋಗ್ತೀನ್ರಿ ನಾ."

ತಿದ್ದಲು ಸಮಯವಿತ್ತು. ತಂತಿಯಲ್ಲಿ ಅವರ ಉಸಿರು ಕೇಳುತ್ತಿತ್ತು — ನಾನು ರಿಸೀವರ್ ಕೆಳಗಿಟ್ಟೆ.

ಅಣ್ಣ ಎರಡು ಗಂಟೆಗೆ ಅಲ್ಲಿ ತಲುಪಿದಾಗ ವಿಮಾನ ಹೋಗಿಯಾಗಿತ್ತು, ಸೀಟು ಬೇರೆಯವನದಾಗಿತ್ತು. ಮರುದಿನ ಮನೆಗೆ ಬಂದವನು ಕೇಳಿದ, "ಎಂತ ಹೇಳಿದ್ದೆ ಅವಂಗೆ?" ಆ ಪದವನ್ನೇ ಹೇಳಿದೆ. ಕ್ಷಣ ನೋಡಿದ, ನಕ್ಕುಬಿಟ್ಟ. ತಪ್ಪನ್ನು ಅವನೇ ಹುಡುಕಿಕೊಂಡ, ಮನೆಮಾತಿನ ತಲೆಗೆ ಕಟ್ಟಿದ.

ಯಾಕೆ ಹಾಗೆ ಮಾಡಿದೆ — ಹಾರುವವನಿಗೆ ಏನಾದರೂ ಆದೀತೆಂಬ ಹೆದರಿಕೆ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದ್ದೇನೆ. ಹೆದರಿಕೆಯಲ್ಲ. ಗಾಳಿಯ ವೇಗ, ದಿಕ್ಕು, ತಲುಪುವ ವೇಳೆ — ಅವನ ಪರೀಕ್ಷೆಯ ಲೆಕ್ಕಗಳನ್ನು ಅವನಿಗೆ ಹೇಳಿಕೊಟ್ಟವಳು ನಾನು, ಗಣಿತದಲ್ಲಿ ಎಂ.ಎ. ಮಾಡಿದವಳು. ನಾನು ಬಿಡಿಸಿಕೊಟ್ಟ ದಾರಿಯಲ್ಲಿ ಅವನು ಹಾರುತ್ತಾನೆ, ನಾನು ಕೆಳಗೆ — ಆ ವಾಕ್ಯವನ್ನು ಈಗಲೂ ಮುಗಿಸಲಾರೆ.

ಬೇರೆ ಸೀಟು ಸಿಗಲಿಲ್ಲ, ಗಡುವು ಕಳೆಯಿತು. ಅಣ್ಣ ಈಗ ಇಡಗುಂದಿಯಲ್ಲಿ ಮರ ಸಾಗಿಸುವ ನಾಟಾ ಲಾರಿ ಓಡಿಸುತ್ತಾನೆ. ಮದುವೆಮನೆಗಳಲ್ಲಿ ಪಂಕ್ತಿಗೆ ಕೂತಾಗ ಈ ಕಥೆ ಹೇಳಿ ನಗಿಸುತ್ತಾನೆ: "ಎಂಗೆ ಹಣೆಲಿ ಬರದ್ದು ಒಂದೇ ಎಂಜಿನ್ನು. ಆದ್ರೂ ನೋಡು, ತಂಗಿ ಎಂ.ಎ. ಆದ್ರೂ ಮನೆಮಾತು ಬಿಡ್ಲಿಲ್ಲೆ." ಹಾಗೆನ್ನುವಾಗ ಅವನಿಗೆ ಹೆಮ್ಮೆ. ನಾನು ತಲೆ ತಗ್ಗಿಸಿ ಬಡಿಸುತ್ತೇನೆ.

ಭಾನುವಾರ ಬರುತ್ತಾನೆ. ಇದನ್ನು ಅವನ ಕೈಗೆ ಕೊಡುತ್ತೇನೆ. ಓದಿಯೂ ನಂಬದೆ ಕೇಳುತ್ತಾನೆ — "ಬಾಯ್ತಪ್ಪಿ ಬಂತಲ್ದನೇ?"

ಆಗ ಅದೇ ಪದವನ್ನು ಇನ್ನೊಮ್ಮೆ ಹೇಳಬೇಕು. ಮನೆಯೊಳಗೆ ಅದಕ್ಕೆ ಒಂದೇ ಅರ್ಥ.